ಕಾಲೇಜಿನ ತರಗತಿಯಿಂದ ಸಂವಿಧಾನ ಸಭೆಗೆ: ಪ್ರೊಫೆಸರ್ ಅಂಬೇಡ್ಕರ್ ಗೆದ್ದ ಚುನಾವಣೆ, ಸೋತ ಚುನಾವಣೆಗಳು

ಸಂವಿಧಾನ ಶಿಲ್ಪಿ ಎಂದು ದೇಶವೇ ನೆನೆಯುವ ಡಾ. ಬಿ.ಆರ್. ಅಂಬೇಡ್ಕರ್ ಅವರ ಬದುಕಿನ ಎರಡು ಅಧ್ಯಾಯಗಳು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಒಂದು, ಮುಂಬೈನ ಕಾಲೇಜುಗಳಲ್ಲಿ ಅವರು ಪಾಠ ಮಾಡಿದ ವರ್ಷಗಳು. ಇನ್ನೊಂದು, ಅವರು ಮತ ಕೇಳಿ ಜನರ ಮುಂದೆ ನಿಂತ ಚುನಾವಣೆಗಳು. 1937ರಲ್ಲಿ ಅವರು ಗೆದ್ದು ಮುಂಬೈ ಪ್ರಾಂತ್ಯದ ಶಾಸಕರಾದರು. 1952ರಲ್ಲಿ ಸೋತರು, 1954ರಲ್ಲಿ ಮತ್ತೆ ಸೋತರು. ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಬೇಕೆಂದು ದಶಕಗಳ ಕಾಲ ವಾದಿಸಿದ ವ್ಯಕ್ತಿಯನ್ನು, ಆ ಹಕ್ಕು ಸಿಕ್ಕ ಮೊದಲ ಚುನಾವಣೆಯಲ್ಲೇ ಮತದಾರರು ಲೋಕಸಭೆಗೆ ಕಳುಹಿಸಲಿಲ್ಲ.

ಮೇಷ್ಟ್ರಾಗಿ, ವಕೀಲರಾಗಿ, ಶಾಸಕರಾಗಿ, ಸಚಿವರಾಗಿ ಅವರು ನಡೆದ ದಾರಿಯ ಕಥೆ ಇಲ್ಲಿದೆ.

ಪ್ರೊಫೆಸರ್ ಹುದ್ದೆ ಸಿಕ್ಕರೂ ನೀರಿನ ಮಡಕೆ ಮುಟ್ಟುವಂತಿರಲಿಲ್ಲ

1891ರ ಏಪ್ರಿಲ್ 14ರಂದು ಮಧ್ಯ ಭಾರತದ ಮ್ಹೌ ಎಂಬ ದಂಡು ಪ್ರದೇಶದಲ್ಲಿ ಅಂಬೇಡ್ಕರ್ ಜನಿಸಿದರು. ತಂದೆ ರಾಮ್‌ಜಿ ಸಕ್ಪಾಲ್ ಸೇನೆಯಲ್ಲಿ ಸುಬೇದಾರರಾಗಿದ್ದವರು. ಸಾತಾರಾ ಮತ್ತು ಮುಂಬೈನಲ್ಲಿ ಶಾಲೆ ಮುಗಿಸಿ, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಪಡೆದ ಅವರಿಗೆ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಸಿಕ್ಕಿತು. 1913ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಜಾನ್ ಡ್ಯೂಯಿ, ಎಡ್ವಿನ್ ಸೆಲಿಗ್ಮನ್ ಅವರಂಥ ಗುರುಗಳು ದೊರೆತರು. 1916ರಲ್ಲಿ ಲಂಡನ್‌ಗೆ ಹೋಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಹಾಗೂ ಬ್ಯಾರಿಸ್ಟರ್ ಪದವಿಗಾಗಿ ಗ್ರೇಸ್ ಇನ್ ಸೇರಿದರು. ಆದರೆ ವಿದ್ಯಾರ್ಥಿವೇತನದ ಅವಧಿ ಮುಗಿದದ್ದರಿಂದ 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳಬೇಕಾಯಿತು.

ಒಪ್ಪಂದದಂತೆ ಬರೋಡಾ ಸರ್ಕಾರದಲ್ಲಿ ಕೆಲಸಕ್ಕೆ ಸೇರಿದರು. ಅಷ್ಟು ಓದಿ ಬಂದ ಅಧಿಕಾರಿಗೆ ಊರಿನಲ್ಲಿ ಬಾಡಿಗೆಗೆ ಒಂದು ಕೋಣೆಯೂ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಉಳಿದುಕೊಂಡಿದ್ದಾಗ ಜಾತಿ ತಿಳಿದು ಅಲ್ಲಿಂದಲೂ ಹೊರಗೆ ಹಾಕಿದರು. ಅವರು ಮುಂಬೈಗೆ ವಾಪಸಾದರು.

1918ರ ನವೆಂಬರ್‌ನಲ್ಲಿ ಮುಂಬೈನ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಹುದ್ದೆ ದೊರೆಯಿತು. ತಿಂಗಳಿಗೆ 450 ರೂಪಾಯಿ ಸಂಬಳ. ಆರಂಭದಲ್ಲಿ ಈ ಹೊಸ ಮೇಷ್ಟ್ರನ್ನು ವಿದ್ಯಾರ್ಥಿಗಳು ಅಷ್ಟಾಗಿ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆದರೆ ಪಾಠದ ಸಿದ್ಧತೆ ಮತ್ತು ವಿಷಯದ ಮೇಲಿನ ಹಿಡಿತ ಬಹುಬೇಗ ಹೆಸರು ತಂದುಕೊಟ್ಟಿತು. ಬೇರೆ ಕಾಲೇಜುಗಳ ವಿದ್ಯಾರ್ಥಿಗಳೂ ಅನುಮತಿ ಪಡೆದು ಅವರ ತರಗತಿಗೆ ಬಂದು ಕೂರತೊಡಗಿದರು.

ಅದೇ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಬೇರೆಯದೇ ಪರಿಸ್ಥಿತಿ ಇತ್ತು. ಅಧ್ಯಾಪಕರಿಗಾಗಿ ಇಟ್ಟಿದ್ದ ಮಡಕೆಯಿಂದ ಅಂಬೇಡ್ಕರ್ ನೀರು ಕುಡಿಯುವುದಕ್ಕೆ ಕೆಲವು ಸಹೋದ್ಯೋಗಿಗಳು ಆಕ್ಷೇಪ ಎತ್ತಿದರು. ಮಹಾಡ್‌ನ ಚವದಾರ್ ಕೆರೆಯ ನೀರಿಗಾಗಿ ಅವರು ಸತ್ಯಾಗ್ರಹ ನಡೆಸಿದ್ದು 1927ರಲ್ಲಿ. ಅದಕ್ಕೂ ಎಂಟು ವರ್ಷ ಮುಂಚೆಯೇ ಕಾಲೇಜೊಂದರಲ್ಲಿ, ಓದಿದವರ ನಡುವೆಯೇ, ಅದೇ ಅನುಭವ ಅವರಿಗೆ ಆಗಿತ್ತು.

ಸಂಬಳದಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಮತ್ತು ಗೆಳೆಯ ನವಲ್ ಭಥೇನಾ ಅವರಿಂದ ಪಡೆದ ಸಾಲ, ಇಷ್ಟನ್ನು ಹೊಂದಿಸಿಕೊಂಡು 1920ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮತ್ತೆ ಲಂಡನ್‌ಗೆ ಹೊರಟರು. ಬ್ಯಾರಿಸ್ಟರ್ ಆದರು. ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧಕ್ಕೆ ಡಿ.ಎಸ್ಸಿ. ಪದವಿ ಪಡೆದರು. 1923ರಲ್ಲಿ ಮುಂಬೈ ಹೈಕೋರ್ಟ್‌ನಲ್ಲಿ ವಕೀಲಿ ಶುರುವಾಯಿತು.

ನಾಮನಿರ್ದೇಶಿತ ಸದಸ್ಯ, ಕಾನೂನು ಕಾಲೇಜಿನ ಅಧ್ಯಾಪಕ

1924ರಲ್ಲಿ ಅವರು ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪಿಸಿದರು. ಆಗ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬೈ ಪ್ರಾಂತ್ಯಕ್ಕೇ ಸೇರಿದ್ದವು. ಹಾಗಾಗಿ ಅವರ ಕೆಲಸ ಕನ್ನಡ ನಾಡಿಗೂ ಹಬ್ಬಿತು. 1925ರಲ್ಲಿ ನಿಪ್ಪಾಣಿಯಲ್ಲಿ ನಡೆದ ದಲಿತ ವರ್ಗಗಳ ಪ್ರಾಂತೀಯ ಸಮ್ಮೇಳನಕ್ಕೆ ಅವರು ಬಂದಿದ್ದರು. ಮುಂದೆ ಅವರ ಶಿಕ್ಷಣ ಸಂಸ್ಥೆ ದಲಿತ ವಿದ್ಯಾರ್ಥಿಗಳಿಗಾಗಿ ನಡೆಸಿದ ಹಾಸ್ಟೆಲ್‌ಗಳಲ್ಲಿ ಧಾರವಾಡದ್ದೂ ಒಂದು.

1927ರಲ್ಲಿ ಸರ್ಕಾರ ಅವರನ್ನು ಮುಂಬೈ ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಮಾಡಿತು. ಅಲ್ಲಿ ಕಾರ್ಮಿಕ ಮಹಿಳೆಯರ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿದರು. ಮಹಾರ್ ವತನ ಪದ್ಧತಿಯನ್ನು ಸುಧಾರಿಸಲು ತಾವೇ ಮಸೂದೆ ಮಂಡಿಸಿದರು. ಹಳ್ಳಿಯ ಚಾಕರಿಗೆ ಇಡೀ ಸಮುದಾಯವನ್ನು ಕಟ್ಟಿಹಾಕಿದ್ದ ವ್ಯವಸ್ಥೆ ಅದು. ಆದರೆ ಸರ್ಕಾರದ ಕೃಪೆಯಿಂದ ಸಿಕ್ಕ ಸ್ಥಾನದಿಂದ ಆಗುವ ಕೆಲಸ ಎಷ್ಟೆಂಬುದು ಅವರಿಗೆ ಗೊತ್ತಿತ್ತು. 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಕೊಡಬೇಕೆಂದು ಕೇಳಿದರು. ಆಸ್ತಿ ಮತ್ತು ಓದು ಇದ್ದವರಿಗೆ ಮಾತ್ರ ಮತವಿದ್ದ ಕಾಲದಲ್ಲಿ ಇದು ಹೆಚ್ಚಿನ ನಾಯಕರಿಗೆ ದುಬಾರಿಯೆನಿಸಿದ ಬೇಡಿಕೆ.

ಅದೇ 1928ರಲ್ಲಿ ಅವರು ಮುಂಬೈನ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಪಾಠ ಮಾಡತೊಡಗಿದರು. 1855ರಲ್ಲಿ ಶುರುವಾದ ಈ ಕಾಲೇಜು ದೇಶದ ಅತ್ಯಂತ ಹಳೆಯ ಕಾನೂನು ಶಿಕ್ಷಣ ಸಂಸ್ಥೆಗಳಲ್ಲಿ ಒಂದು. ದುಂಡುಮೇಜಿನ ಪರಿಷತ್ತುಗಳು ಮತ್ತು 1932ರ ಪುಣೆ ಒಪ್ಪಂದದ ನಂತರ, 1935ರ ಜೂನ್‌ನಲ್ಲಿ ಅವರು ಇದೇ ಕಾಲೇಜಿನ ಪ್ರಾಂಶುಪಾಲರಾದರು. ನ್ಯಾಯಶಾಸ್ತ್ರದ ಪೆರ್ರಿ ಪ್ರೊಫೆಸರ್ ಎಂಬ ಗೌರವದ ಪೀಠವೂ ಅವರದಾಯಿತು. ಪತ್ನಿ ರಮಾಬಾಯಿ ತೀರಿಕೊಂಡು ಆಗಿನ್ನೂ ಕೆಲವೇ ದಿನಗಳಾಗಿದ್ದವು.

ಇಂಗ್ಲೆಂಡಿನ ಸಂವಿಧಾನ, ಟ್ರಸ್ಟ್ ಕಾನೂನು, ಕಾಲಮಿತಿ ಕಾನೂನು, ಸಾಕ್ಷ್ಯ ಕಾನೂನು ಮುಂತಾದ ವಿಷಯಗಳ ಮೇಲೆ ಅವರು ಬರೆದುಕೊಂಡಿದ್ದ ಪಾಠದ ಟಿಪ್ಪಣಿಗಳು ಉಳಿದುಬಂದಿವೆ. ಅವರ ನಿಧನದ ಎಷ್ಟೋ ವರ್ಷಗಳ ನಂತರ ಮಹಾರಾಷ್ಟ್ರ ಸರ್ಕಾರ ಹೊರತಂದ ಸಮಗ್ರ ಬರಹಗಳ ಸಂಪುಟಗಳಲ್ಲಿ ಅವು ಅಚ್ಚಾದವು. ಅರಸ, ಮೇಲ್ಮನೆ, ಕೆಳಮನೆ ಇವುಗಳ ಅಧಿಕಾರ ಎಲ್ಲಿಂದ ಬಂತು, ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ವಿದ್ಯಾರ್ಥಿಗೆ ಬಿಡಿಸಿ ಹೇಳುವ ಬರಹಗಳವು. ಹನ್ನೆರಡು ಹದಿಮೂರು ವರ್ಷಗಳ ನಂತರ ಸಂವಿಧಾನ ಸಭೆಯಲ್ಲಿ ಅವರು ಮಾಡಿದ್ದೂ ಬಹುಮಟ್ಟಿಗೆ ಇದೇ ಕೆಲಸ.

1937: ಎದುರಾಳಿ ಧಾರವಾಡದಲ್ಲಿ ಹುಟ್ಟಿದ ಕ್ರಿಕೆಟಿಗ

1935ರ ಭಾರತ ಸರ್ಕಾರ ಕಾಯ್ದೆಯಡಿ ಪ್ರಾಂತೀಯ ಚುನಾವಣೆ ಘೋಷಣೆಯಾದಾಗ, 1936ರ ಆಗಸ್ಟ್‌ನಲ್ಲಿ ಅಂಬೇಡ್ಕರ್ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. ಜಾತಿಯ ಹೆಸರಿಲ್ಲದೆ, ಗಿರಣಿ ಕಾರ್ಮಿಕರು, ಗೇಣಿದಾರರು, ಬಡವರೆಲ್ಲರ ಪಕ್ಷ ಎಂದು ಅದನ್ನು ಮುಂದಿಟ್ಟರು.

1937ರ ಫೆಬ್ರವರಿಯಲ್ಲಿ ಮತದಾನ ನಡೆಯಿತು. ಬೈಕಲಾ ಮತ್ತು ಪರೇಲ್ ಒಳಗೊಂಡ ಕ್ಷೇತ್ರದಲ್ಲಿ ಅವರ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಪಲವಂಕರ್ ಬಾಲೂ ಅವರನ್ನು. ಧಾರವಾಡದಲ್ಲಿ ಹುಟ್ಟಿದ ಬಾಲೂ ದಲಿತ ಸಮುದಾಯದಿಂದ ಬಂದ ಮೊದಲ ದೊಡ್ಡ ಕ್ರಿಕೆಟ್ ತಾರೆ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಬಳಿಸಿದ್ದ ಈ ಎಡಗೈ ಸ್ಪಿನ್ನರ್‌ನನ್ನು ಯುವಕ ಅಂಬೇಡ್ಕರ್ ಅಭಿಮಾನದಿಂದ ಕಂಡಿದ್ದರು. ಈಗ ಇಬ್ಬರೂ ಮತಕ್ಕಾಗಿ ಮುಖಾಮುಖಿಯಾದರು. ಅಂಬೇಡ್ಕರ್ ಸುಮಾರು 2 ಸಾವಿರ ಮತಗಳ ಅಂತರದಿಂದ ಗೆದ್ದರು. ಅವರ ಪಕ್ಷ ನಿಲ್ಲಿಸಿದ 17 ಅಭ್ಯರ್ಥಿಗಳಲ್ಲಿ ಹೆಚ್ಚಿನವರು ಗೆದ್ದು ಬಂದರು.

ಪ್ರಾಂಶುಪಾಲ ಈಗ ಶಾಸಕರೂ ಆದರು. 1938ರ ಮೇ ತಿಂಗಳಲ್ಲಿ ಕಾಲೇಜಿಗೆ ರಾಜೀನಾಮೆ ಕೊಡುವವರೆಗೆ ಎರಡೂ ಹೊಣೆ ಒಟ್ಟಿಗೇ ಸಾಗಿದವು.

ವಿಧಾನಸಭೆಯಲ್ಲಿ ಅವರು ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು. 1937ರ ಸೆಪ್ಟೆಂಬರ್‌ನಲ್ಲಿ ಕೊಂಕಣದ ಖೋತಿ ಪದ್ಧತಿ ರದ್ದು ಮಾಡುವ ಮಸೂದೆ ಮಂಡಿಸಿದರು. ಸರ್ಕಾರಕ್ಕೂ ರೈತನಿಗೂ ನಡುವೆ ನಿಂತು ಕಂದಾಯ ವಸೂಲಿ ಮಾಡುತ್ತಿದ್ದ ಖೋತರು ಗೇಣಿದಾರರ ಮೇಲೆ ಪೂರ್ತಿ ಹಿಡಿತ ಸಾಧಿಸಿದ್ದರು. ಮಸೂದೆ ಮುಂದೆ ಸಾಗದಿದ್ದಾಗ 1938ರ ಜನವರಿಯಲ್ಲಿ ಸಾವಿರಾರು ರೈತರು ಮುಂಬೈನಲ್ಲಿ ಮೆರವಣಿಗೆ ನಡೆಸಿದರು. ಖೋತಿ ರದ್ದಾಗಲು ಸ್ವಾತಂತ್ರ್ಯ ಬರುವವರೆಗೆ ಕಾಯಬೇಕಾಯಿತು. ಕಾರ್ಮಿಕರ ಮುಷ್ಕರದ ಹಕ್ಕಿಗೆ ಕಡಿವಾಣ ಹಾಕುವ ಕೈಗಾರಿಕಾ ವಿವಾದ ಮಸೂದೆಯನ್ನು ಅವರು ಸದನದಲ್ಲಿ ವಿರೋಧಿಸಿದರು. 1938ರ ನವೆಂಬರ್ 7ರಂದು ಕಮ್ಯುನಿಸ್ಟರ ಜೊತೆ ಸೇರಿ ಒಂದು ದಿನದ ಮುಷ್ಕರವನ್ನೂ ನಡೆಸಿದರು.

ಕನ್ನಡಿಗರಿಗೆ ನೇರ ಸಂಬಂಧಪಟ್ಟ ಒಂದು ಚರ್ಚೆಯೂ ಅದೇ ಸದನದಲ್ಲಿ ನಡೆಯಿತು. 1938ರ ಏಪ್ರಿಲ್‌ನಲ್ಲಿ ಪ್ರತ್ಯೇಕ ಕರ್ನಾಟಕ ಪ್ರಾಂತ್ಯದ ಪ್ರಸ್ತಾಪ ಬಂದಾಗ ಅಂಬೇಡ್ಕರ್ ಅದನ್ನು ವಿರೋಧಿಸಿದರು. ಭಾಷೆಯ ಆಧಾರದ ವಿಂಗಡಣೆ ದೇಶದ ಒಗ್ಗಟ್ಟಿಗೆ ಅಡ್ಡಿಯಾದೀತು, ಪ್ರಾಂತ್ಯದೊಳಗಿನ ಸಣ್ಣ ಸಮುದಾಯಗಳು ದೊಡ್ಡ ಸಮುದಾಯಗಳ ಕೈಕೆಳಗೆ ಸಿಲುಕೀತು ಎಂಬ ಆತಂಕ ಅವರದಾಗಿತ್ತು. ಮುಂದೆ ಈ ನಿಲುವು ಬದಲಾಯಿತು. 1955ರಲ್ಲಿ ಭಾಷಾವಾರು ರಾಜ್ಯಗಳ ಕುರಿತು ಬರೆದ ಪುಸ್ತಕದಲ್ಲಿ, ಒಂದು ರಾಜ್ಯಕ್ಕೆ ಒಂದು ಭಾಷೆ ಇರಲಿ, ಆದರೆ ಒಂದು ಭಾಷೆಗೆ ಒಂದೇ ರಾಜ್ಯ ಇರಬೇಕಾಗಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಸಣ್ಣ ಸಮುದಾಯಗಳ ಬಗೆಗಿನ ಆತಂಕವನ್ನು ಮಾತ್ರ ಅವರು ಕೊನೆಯವರೆಗೂ ಬಿಡಲಿಲ್ಲ.

ಹಿಂಬಾಗಿಲೂ ಮುಚ್ಚಿದಾಗ ಬಂಗಾಳದ ಬಾಗಿಲು ತೆರೆಯಿತು

1942ರಿಂದ 1946ರವರೆಗೆ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಅಷ್ಟರಲ್ಲಿ ಪಕ್ಷದ ರೂಪ ಬದಲಾಗಿ ಪರಿಶಿಷ್ಟ ಜಾತಿಗಳ ಒಕ್ಕೂಟ ಹುಟ್ಟಿತ್ತು. 1946ರ ಪ್ರಾಂತೀಯ ಚುನಾವಣೆಯಲ್ಲಿ ಒಕ್ಕೂಟ ನೆಲಕಚ್ಚಿತು.

ಈ ಸೋಲಿನ ಪರಿಣಾಮ ಗಂಭೀರವಾಗಿತ್ತು. ಸಂವಿಧಾನ ಸಭೆಯ ಸದಸ್ಯರನ್ನು ಆರಿಸುವವರು ಪ್ರಾಂತೀಯ ಶಾಸಕರು. ಮುಂಬೈನಲ್ಲಿ ಅಂಬೇಡ್ಕರ್ ಅವರಿಗೆ ಶಾಸಕರ ಬಲವೇ ಇರಲಿಲ್ಲ. ದೇಶದ ಸಂವಿಧಾನ ಬರೆಯುವ ಸಭೆಗೆ ಅವರಿಗೆ ಪ್ರವೇಶವೇ ಸಿಗದಂತಾಗಿತ್ತು. ಆಗ ನೆರವಿಗೆ ಬಂದದ್ದು ಬಂಗಾಳ. ಜೋಗೇಂದ್ರನಾಥ ಮಂಡಲ್ ಮತ್ತು ಅಲ್ಲಿನ ದಲಿತ ಶಾಸಕರ ಬೆಂಬಲದಿಂದ ಅವರು ಸಭೆಗೆ ಆಯ್ಕೆಯಾದರು. ಆದರೆ ದೇಶ ವಿಭಜನೆಯಾಗುತ್ತಿದ್ದಂತೆ ಆ ಸದಸ್ಯತ್ವವೂ ಹೋಯಿತು. ಅಷ್ಟರೊಳಗೆ ಕಾಂಗ್ರೆಸ್ ನಾಯಕರಿಗೆ ಅವರ ಕಾನೂನು ಜ್ಞಾನದ ಅಗತ್ಯ ಮನವರಿಕೆಯಾಗಿತ್ತು. ಎಂ.ಆರ್. ಜಯಕರ್ ರಾಜೀನಾಮೆಯಿಂದ ತೆರವಾಗಿದ್ದ ಮುಂಬೈ ಸ್ಥಾನಕ್ಕೆ, ರಾಜೇಂದ್ರ ಪ್ರಸಾದ್ ಅವರ ಸೂಚನೆಯಂತೆ, 1947ರ ಜುಲೈನಲ್ಲಿ ಅವರನ್ನು ಆರಿಸಲಾಯಿತು. ದಶಕಗಳಿಂದ ಕಾಂಗ್ರೆಸ್ಸನ್ನು ಕಟುವಾಗಿ ಟೀಕಿಸಿದ್ದ ಅಂಬೇಡ್ಕರ್ ಸ್ವತಂತ್ರ ಭಾರತದ ಮೊದಲ ಕಾನೂನು ಸಚಿವರಾದರು. 1947ರ ಆಗಸ್ಟ್ 29ರಂದು ಕರಡು ಸಮಿತಿ ರಚನೆಯಾಯಿತು, ಅದರ ಅಧ್ಯಕ್ಷತೆಯೂ ಅವರಿಗೇ ಬಂತು.

ಇಡೀ ದೇಶವೇ ತರಗತಿಯಾದ ಎರಡು ವರ್ಷ

ಸಾಂವಿಧಾನಿಕ ಸಲಹೆಗಾರ, ಮಂಗಳೂರಿನಲ್ಲಿ ಹುಟ್ಟಿದ ಬಿ.ಎನ್. ರಾವ್ ಅವರು ಸಿದ್ಧಪಡಿಸಿದ್ದ ಮೊದಲ ಕರಡನ್ನು ಸಮಿತಿ ಕೈಗೆತ್ತಿಕೊಂಡಿತು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವ ರಾವ್ ಕೂಡ ನಂತರ ಸಮಿತಿ ಸೇರಿದರು. ಏಳು ಜನರ ಸಮಿತಿಯಲ್ಲಿ ಕೆಲವರು ಬಿಟ್ಟು ಹೋದರು, ಒಬ್ಬರು ತೀರಿಕೊಂಡರು, ಇನ್ನು ಕೆಲವರು ಬೇರೆ ಕೆಲಸಗಳಲ್ಲಿ ಮುಳುಗಿದ್ದರು. ಕರಡಿನ ಹೊರೆ ಕೊನೆಗೆ ಅಂಬೇಡ್ಕರ್ ಹೆಗಲಿಗೇ ಬಿತ್ತು ಎಂಬುದನ್ನು ಸಮಿತಿಯ ಸದಸ್ಯ ಟಿ.ಟಿ. ಕೃಷ್ಣಮಾಚಾರಿ ಅವರೇ ಸದನದಲ್ಲಿ ಒಪ್ಪಿಕೊಂಡರು. ಆ ಹೊತ್ತಿಗೆ ಮಧುಮೇಹ ಅಂಬೇಡ್ಕರ್ ಅವರ ಆರೋಗ್ಯವನ್ನು ಹಿಂಡುತ್ತಿತ್ತು.

1948ರ ನವೆಂಬರ್ 4ರಂದು ಕರಡನ್ನು ಸಭೆಯ ಮುಂದಿಟ್ಟು ಅವರು ಮಾಡಿದ ಭಾಷಣ ಸಾಂವಿಧಾನಿಕ ಕಾನೂನಿನ ಒಂದು ಪಾಠದಂತಿದೆ. ಅಮೆರಿಕದ ಅಧ್ಯಕ್ಷೀಯ ಪದ್ಧತಿಯಲ್ಲಿ ಸರ್ಕಾರಕ್ಕೆ ಸ್ಥಿರತೆ ಹೆಚ್ಚು, ಬ್ರಿಟನ್ನಿನ ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಹೆಚ್ಚು. ಎರಡರಲ್ಲಿ ಒಂದಕ್ಕೆ ಒತ್ತು ಕೊಡಬೇಕಾದಾಗ ಕರಡು ಹೊಣೆಗಾರಿಕೆಯನ್ನು ಆರಿಸಿಕೊಂಡಿದೆ ಎಂದು ವಿವರಿಸಿದರು. ಸಾಮಾನ್ಯ ಕಾಲದಲ್ಲಿ ಒಕ್ಕೂಟವಾಗಿರುವ ದೇಶ ತುರ್ತು ಸಂದರ್ಭದಲ್ಲಿ ಏಕಕೇಂದ್ರವಾಗಿ ನಡೆಯಲು ಅವಕಾಶವೇಕೆ ಬೇಕೆಂದು ತಿಳಿಸಿದರು. ಆಡಳಿತದ ವಿವರಗಳನ್ನೆಲ್ಲ ಸಂವಿಧಾನದಲ್ಲಿ ಸೇರಿಸಿದ್ದೇಕೆ ಎಂಬ ಟೀಕೆಗೆ, ಸಾಂವಿಧಾನಿಕ ನೈತಿಕತೆ ತಾನಾಗಿ ಬರುವುದಿಲ್ಲ, ಅದನ್ನು ಕಲಿಯಬೇಕು, ನಮ್ಮ ಜನ ಇನ್ನೂ ಕಲಿಯಬೇಕಿದೆ ಎಂಬ ಉತ್ತರ ಕೊಟ್ಟರು.

ಆಮೇಲೆ ಒಂದೊಂದೇ ವಿಧಿಯ ಚರ್ಚೆ. ಸಲ್ಲಿಕೆಯಾದ ತಿದ್ದುಪಡಿಗಳು 7,635. ಸದನದಲ್ಲಿ ಮಂಡನೆಯಾದವು 2,473. ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು, ಏಕೆ ಎಂಬುದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ ಕೊಡಬೇಕಾದವರು ಅಂಬೇಡ್ಕರ್. ಅಸ್ಪೃಶ್ಯತೆಯನ್ನು ರದ್ದುಪಡಿಸುವ ವಿಧಿಗೆ 1948ರ ನವೆಂಬರ್ 29ರಂದು ಸಭೆ ಒಪ್ಪಿಗೆ ನೀಡಿತು. ಮೂಲಭೂತ ಹಕ್ಕುಗಳ ರಕ್ಷಣೆಗಾಗಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕನ್ನು, ಇಂದಿನ 32ನೇ ವಿಧಿಯನ್ನು, ಅವರು ಇಡೀ ಸಂವಿಧಾನದ ಆತ್ಮದ ಸ್ಥಾನದಲ್ಲಿಟ್ಟರು.

1949ರ ನವೆಂಬರ್ 25ರಂದು ಮಾಡಿದ ಸಮಾರೋಪ ಭಾಷಣದಲ್ಲಿ ಶ್ರೇಯಸ್ಸನ್ನು ಒಬ್ಬರೇ ತೆಗೆದುಕೊಳ್ಳಲಿಲ್ಲ. ಬಿ.ಎನ್. ರಾವ್, ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿ ಮತ್ತು ಸಮಿತಿಯ ಸದಸ್ಯರನ್ನು ನೆನೆದರು. ಮೂರು ಎಚ್ಚರಿಕೆಗಳನ್ನೂ ಕೊಟ್ಟರು. ಸಾಂವಿಧಾನಿಕ ದಾರಿಗಳು ತೆರೆದಿರುವಾಗ ಬೀದಿಯ ದಾರಿ ಹಿಡಿಯಬಾರದು, ರಾಜಕೀಯದಲ್ಲಿ ವ್ಯಕ್ತಿಪೂಜೆ ಸಲ್ಲದು, ಸಾಮಾಜಿಕ ಸಮಾನತೆ ಇಲ್ಲದೆ ರಾಜಕೀಯ ಸಮಾನತೆ ಬಹುಕಾಲ ಬಾಳದು ಎಂಬುದು ಅವುಗಳ ಸಾರ. ಮರುದಿನ 395 ವಿಧಿಗಳ ಸಂವಿಧಾನ ಅಂಗೀಕಾರವಾಯಿತು.

ಮತಪೆಟ್ಟಿಗೆಯ ತೀರ್ಪು

ಸಂವಿಧಾನ ಜಾರಿಯಾಯಿತು. ಆದರೆ ಮಹಿಳೆಯರಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಸಂಹಿತೆ ಮಸೂದೆ ಸಂಸತ್ತಿನಲ್ಲಿ ಸಿಕ್ಕಿಹಾಕಿಕೊಂಡಿತು. ಸಂಪ್ರದಾಯವಾದಿಗಳ ವಿರೋಧದ ಮುಂದೆ ಸರ್ಕಾರ ಹಿಂದೆ ಸರಿದಾಗ, 1951ರ ಸೆಪ್ಟೆಂಬರ್‌ನಲ್ಲಿ ಅಂಬೇಡ್ಕರ್ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು.

ತಿಂಗಳುಗಳಲ್ಲೇ ಮೊದಲ ಮಹಾ ಚುನಾವಣೆ ಬಂತು. ಸಮಾಜವಾದಿ ಪಕ್ಷದೊಂದಿಗೆ ಹೊಂದಾಣಿಕೆ ಮಾಡಿಕೊಂಡು ಅವರು ಮುಂಬೈ ಉತ್ತರದ ಮೀಸಲು ಸ್ಥಾನಕ್ಕೆ ಸ್ಪರ್ಧಿಸಿದರು. ಅದು ಇಬ್ಬರು ಸದಸ್ಯರನ್ನು ಆರಿಸುವ ಕ್ಷೇತ್ರ. ಸಾಮಾನ್ಯ ಸ್ಥಾನಕ್ಕೆ ಅವರ ಜೊತೆಗಿದ್ದವರು ಅಶೋಕ್ ಮೆಹ್ತಾ. ಕಾಂಗ್ರೆಸ್‌ನ ನಾರಾಯಣ ಕಾಜ್ರೋಳ್ಕರ್ ಎದುರು ಅಂಬೇಡ್ಕರ್ 14 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಸುಮಾರು 1.23 ಲಕ್ಷ ಜನ ಅವರಿಗೆ ಮತ ಹಾಕಿದ್ದರು. ಮೆಹ್ತಾ ಕೂಡ ಸೋತರು. ಅವರ ಒಕ್ಕೂಟಕ್ಕೆ ಇಡೀ ದೇಶದಲ್ಲಿ ಸಿಕ್ಕಿದ್ದು 2 ಲೋಕಸಭಾ ಸ್ಥಾನ.

ಈ ಸೋಲಿಗೆ ಕಾರಣಗಳು ಹಲವು. ಕಾಂಗ್ರೆಸ್ ಸಂಘಟನೆ ಮತ್ತು ನೆಹರೂ ಜನಪ್ರಿಯತೆಯ ಅಲೆ ಒಂದೆಡೆ. ಕಮ್ಯುನಿಸ್ಟರ ವಿರೋಧ ಇನ್ನೊಂದೆಡೆ. ಮೀಸಲು ಸ್ಥಾನವಾದರೂ ಅಲ್ಲಿ ಗೆಲ್ಲಿಸುವುದು ದಲಿತರ ಮತವಲ್ಲ, ಇಡೀ ಕ್ಷೇತ್ರದ ಮತ. ಪುಣೆ ಒಪ್ಪಂದದ ಕಾಲದಿಂದಲೂ ಜಂಟಿ ಮತಕ್ಷೇತ್ರದ ಬಗ್ಗೆ ಅವರು ಎತ್ತಿದ್ದ ಆಕ್ಷೇಪ ಅವರ ಸ್ವಂತ ಚುನಾವಣೆಯಲ್ಲೇ ನಿಜವಾಯಿತು.

ಅದೇ ವರ್ಷ ಮುಂಬೈ ರಾಜ್ಯದಿಂದ ರಾಜ್ಯಸಭೆಗೆ ಆಯ್ಕೆಯಾದರು. ಜನರ ನೇರ ಮತದಿಂದ ಗೆಲ್ಲಬೇಕೆಂಬ ಆಸೆ ಮಾತ್ರ ಆರಲಿಲ್ಲ. 1954ರಲ್ಲಿ ಭಂಡಾರಾ ಲೋಕಸಭಾ ಉಪಚುನಾವಣೆಯಲ್ಲಿ ಮತ್ತೆ ನಿಂತರು. ಅಲ್ಲೂ ಇಬ್ಬರು ಸದಸ್ಯರ ಕ್ಷೇತ್ರ. ಈ ಬಾರಿ ಅಶೋಕ್ ಮೆಹ್ತಾ ಗೆದ್ದರು, ಅಂಬೇಡ್ಕರ್ ಸೋತರು.

ರಾಜ್ಯಸಭೆಯಲ್ಲಿ ಅವರ ಮಾತು ಕೆಲವೊಮ್ಮೆ ಕಹಿಯಾಗಿರುತ್ತಿತ್ತು. ಅಲ್ಪಸಂಖ್ಯಾತರಿಗೆ ರಕ್ಷಣೆ ಕೊಡಲಾಗದಿದ್ದರೆ ಈ ಸಂವಿಧಾನವನ್ನು ಸುಡಲು ತಾವೇ ಮೊದಲಿಗರಾಗುವುದಾಗಿ 1953ರಲ್ಲಿ ಸಿಟ್ಟಿನಿಂದ ಹೇಳಿದ್ದು ದೇಶದಾದ್ಯಂತ ಸುದ್ದಿಯಾಯಿತು. ಸೋತರೂ, ಸಿಟ್ಟಾದರೂ, ಅವರು ಸಂಸತ್ತನ್ನು ಬಿಟ್ಟು ಹೋಗಲಿಲ್ಲ. ಕೊನೆಯವರೆಗೂ ಸದಸ್ಯರಾಗಿಯೇ ಉಳಿದರು.

ಉಳಿದ ಕಾಲೇಜುಗಳು

ಚುನಾವಣೆಗಳ ನಡುವೆಯೂ ಮೇಷ್ಟ್ರ ಕೆಲಸ ನಿಲ್ಲಲಿಲ್ಲ. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಸ್ಥಾಪಿಸಿದ ಅವರು, ಮರುವರ್ಷ ಮುಂಬೈನಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ದುಡಿಯುತ್ತಾ ಓದುವ ಯುವಕರಿಗೆ ಅನುಕೂಲವಾಗಲೆಂದು ಅಲ್ಲಿ ಬೆಳಗಿನ ಜಾವದ ತರಗತಿಗಳು ನಡೆದವು. ಸಂಸತ್ತಿನ ನಡಾವಳಿಯನ್ನು ಓದುವಾಗಲೇ ಕಲಿಯಲೆಂದು ವಿದ್ಯಾರ್ಥಿ ಸಂಸತ್ತೂ ಇತ್ತು. 1950ರಲ್ಲಿ ಔರಂಗಾಬಾದ್‌ನಲ್ಲಿ ಕಾಲೇಜು ಶುರುವಾಯಿತು. 1956ರಲ್ಲಿ ಮುಂಬೈನಲ್ಲಿ ಸಿದ್ಧಾರ್ಥ ಕಾನೂನು ಕಾಲೇಜು ಬಂತು.

ಅದೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ ಅಂಬೇಡ್ಕರ್, ಡಿಸೆಂಬರ್ 6ರಂದು ದೆಹಲಿಯ ಅಲಿಪುರ ರಸ್ತೆಯ ನಿವಾಸದಲ್ಲಿ ಕೊನೆಯುಸಿರೆಳೆದರು. ಪಾರ್ಥಿವ ಶರೀರವನ್ನು ಮುಂಬೈಗೆ ತರಲಾಯಿತು. ಅಂತ್ಯಕ್ರಿಯೆ ನಡೆದ ದಾದರ್‌ನ ಸ್ಥಳವೇ ಇಂದಿನ ಚೈತ್ಯಭೂಮಿ. 1990ರಲ್ಲಿ ಅವರಿಗೆ ಮರಣೋತ್ತರ ಭಾರತ ರತ್ನ ಸಂದಿತು.

ಪ್ರತಿವರ್ಷ ಡಿಸೆಂಬರ್ 6ರಂದು ಚೈತ್ಯಭೂಮಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಮಹಾರಾಷ್ಟ್ರದ ಹಳ್ಳಿಗಳಿಂದ ಬಂದವರ ಜೊತೆ ಕರ್ನಾಟಕದ ಗಡಿ ಜಿಲ್ಲೆಗಳವರೂ ಇರುತ್ತಾರೆ. ಸುತ್ತಲಿನ ಶಿವಾಜಿ ಪಾರ್ಕ್‌ನಲ್ಲಿ ಸಾಲು ಸಾಲು ಪುಸ್ತಕ ಮಳಿಗೆಗಳು ತೆರೆದಿರುತ್ತವೆ. ಬಂದವರು ದರ್ಶನ ಮುಗಿಸಿ ಊರಿಗೆ ಪುಸ್ತಕ ಕೊಂಡೊಯ್ಯುವುದು ಅಲ್ಲಿನ ವಾಡಿಕೆ. ಸಂವಿಧಾನದ ಪ್ರತಿಯೂ ಅಲ್ಲಿ ಸಿಗುತ್ತದೆ.